ಗಾಯ ಮಾಯ್ದಿದೆ, ನೋವು ಯಾಕೆ ಹೋಗಿಲ್ಲ?

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನನ್ನದೊಂದು ಚಿಕ್ಕ ಮೆಡಿಕಲ್ ಇದೆ. ಸ್ಟೇಷನ್‌ನಿಂದ ಹತ್ತು ನಿಮಿಷದ ದಾರಿ. ರಾತ್ರಿ ಎಂಟರ ಮೇಲೆ ಫಾಸ್ಟ್ ಲೋಕಲ್ ಇಳಿದವರು ಒಬ್ಬೊಬ್ಬರಾಗಿ ಬರುತ್ತಾರೆ. ಅದರಲ್ಲಿ ಬಹಳ ಜನ ಕೇಳುವುದು ಒಂದೇ: "ನೋವಿಗೆ ಏನಾದರೂ ಕೊಡಿ." ಮರಾಠಿಯಲ್ಲಿ ಕೇಳುತ್ತಾರೆ, ಹಿಂದಿಯಲ್ಲಿ ಕೇಳುತ್ತಾರೆ. ನಾನು ಉಡುಪಿ ಕಡೆಯವನು ಅಂತ ಗೊತ್ತಿರುವವರು ಕನ್ನಡದಲ್ಲೋ ತುಳುವಿನಲ್ಲೋ ಕೇಳುತ್ತಾರೆ.

ಇಪ್ಪತ್ತು ವರ್ಷ ಈ ಕೌಂಟರ್ ಹಿಂದೆ ನಿಂತು ಒಂದು ವಿಚಿತ್ರ ನೋಡಿದ್ದೇನೆ. ನಮ್ಮವರು ಹೆದರಬೇಕಾದ ಮಾತ್ರೆಗೆ ಹೆದರುವುದಿಲ್ಲ. ಅಷ್ಟೇನೂ ಹೆದರಬೇಕಾಗಿಲ್ಲದ ಮಾತ್ರೆ ಕಂಡರೆ ಮಾರು ದೂರ ಓಡುತ್ತಾರೆ.

ಕಳೆದ ಮಳೆಗಾಲದ ಒಂದು ಬೆಳಗ್ಗೆ. ಪಕ್ಕದ ಸೊಸೈಟಿಯ ಹುಡುಗ ನಾನು ಶಟರ್ ಎತ್ತುವ ಮುಂಚೆಯೇ ಬಂದು ನಿಂತಿದ್ದ. ಕೈಯಲ್ಲಿ ಹಿಂದಿನ ರಾತ್ರಿ ಒಯ್ದಿದ್ದ ಸ್ಟ್ರಿಪ್. "ಅಣ್ಣ, ಇದು ಡಿಪ್ರೆಶನ್‌ನವರಿಗೆ ಕೊಡೋ ಮಾತ್ರೆ ಅಂತೆ. ಗೂಗಲ್‌ನಲ್ಲಿ ನೋಡಿದೆ. ಅಮ್ಮನಿಗೆ ನೋವಿರೋದು ಬೆನ್ನಲ್ಲಿ, ತಲೆಯಲ್ಲಿ ಅಲ್ಲ. ಇದು ವಾಪಸ್ ತಗೊಳ್ಳಿ. ಬದಲಿಗೆ ಹೋದ ಸಲ ಕೊಟ್ಟಿದ್ರಲ್ಲ, ಆ ಪೇನ್‌ಕಿಲ್ಲರ್, ಅದೇ ಹದಿನೈದು ಕೊಡಿ."

ಎರಡು ತಪ್ಪು, ಒಂದೇ ಉಸಿರಿನಲ್ಲಿ.

ಅವನ ಅಮ್ಮನನ್ನು ನಾವೆಲ್ಲ ದೊಡ್ಡಮ್ಮ ಅಂತಲೇ ಕರೆಯುವುದು. ಕುಂದಾಪುರ ಕಡೆಯವರು. ಎಪ್ಪತ್ತು ದಾಟಿದೆ. ಹೋಳಿ ಹೊತ್ತಿಗೆ ಅವರಿಗೆ ಬೆನ್ನಿನಿಂದ ಬಲ ಪಕ್ಕೆಯವರೆಗೆ ಸರ್ಪಸುತ್ತು ಎದ್ದಿತ್ತು. ಊರಿಂದ ಫೋನಿನಲ್ಲಿ ಸಲಹೆ ಬಂತು, ಕಾವಿ ಮಣ್ಣು ಹಚ್ಚಿದರು. ಹಾವಿನ ತಲೆ ಬಾಲ ಕೂಡಿದರೆ ಜೀವವೇ ಹೋಗುತ್ತದೆ ಅನ್ನುವ ಭಯ ಬೇರೆ. ಅದು ಹಾವೂ ಅಲ್ಲ, ದೋಷವೂ ಅಲ್ಲ. ಚಿಕ್ಕಂದಿನಲ್ಲಿ ಬಂದುಹೋದ ಚಿಕನ್‌ಪಾಕ್ಸ್‌ನ ವೈರಸ್ ನರದ ಬುಡದಲ್ಲಿ ಮಲಗಿರುತ್ತದೆ. ವಯಸ್ಸಾಗಿ ಮೈಯ ಶಕ್ತಿ ಇಳಿದಾಗ ಎದ್ದು, ಅದೇ ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ನರ ಬೆನ್ನುಹುರಿಯ ಒಂದು ಬದಿಯಿಂದ ಹೊರಟು ಪಕ್ಕೆ ಬಳಸಿ ಬರುವುದರಿಂದ ಗುಳ್ಳೆಗಳೂ ಅರ್ಧ ಸುತ್ತಿಗೇ ನಿಲ್ಲುತ್ತವೆ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾದರೆ ಒಳ್ಳೆಯದು. ದೊಡ್ಡಮ್ಮನ ಆ ಮೂರು ದಿನ ಕಾವಿ ಮಣ್ಣಿನಲ್ಲೇ ಹೋಯಿತು.

ತಿಂಗಳಲ್ಲಿ ಗುಳ್ಳೆ ಒಣಗಿ ಕಲೆ ಮಾತ್ರ ಉಳಿಯಿತು. ನೋವು ಹೋಗಲಿಲ್ಲ. ಸೆರಗು ತಾಗಿದರೂ ಉರಿ. ಫ್ಯಾನ್ ಗಾಳಿ ಬಡಿದರೂ ಉರಿ. ತೊಳೆದು ತೊಳೆದು ಮೆತ್ತಗಾದ ಹಳೇ ವಾಯಿಲ್ ಸೀರೆ ಬಿಟ್ಟು ಬೇರೇನನ್ನೂ ಉಡುತ್ತಿರಲಿಲ್ಲ. ಮನೆಯವರ ದೃಷ್ಟಿಯಲ್ಲಿ ಗಾಯ ವಾಸಿಯಾಗಿತ್ತು. ಹಾಗಾಗಿ ದೊಡ್ಡಮ್ಮ "ಸುಮ್ನೆ ನರಳುತ್ತಿದ್ದಾರೆ" ಅನ್ನುವ ತೀರ್ಮಾನಕ್ಕೆ ಬಂದಿದ್ದರು.

ಸರಿ, ಗಾಯ ಮಾಯ್ದ ಮೇಲೆ ನೋವು ಎಲ್ಲಿಂದ ಬರುತ್ತದೆ?

ಪೆಟ್ಟು ಬಿದ್ದರೆ ನೋವು, ದೊಡ್ಡ ಪೆಟ್ಟಿಗೆ ದೊಡ್ಡ ನೋವು ಅಂತ ನಾವು ಲೆಕ್ಕ ಹಾಕುತ್ತೇವೆ. ಈ ಲೆಕ್ಕ ಯಾವಾಗಲೂ ತಾಳೆಯಾಗುವುದಿಲ್ಲ. 1995ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಪ್ರಕರಣ ಅಚ್ಚಾಯಿತು. 29 ವರ್ಷದ ಕಟ್ಟಡ ಕೆಲಸಗಾರನೊಬ್ಬ ಮೇಲಿನಿಂದ ಹಾರಿ ಮೊಳೆಯ ಮೇಲೆ ಬಿದ್ದಿದ್ದ. ಮೊಳೆ ಬೂಟಿನ ಅಡಿಯಿಂದ ನುಗ್ಗಿ ಮೇಲೆ ಬಂದಿತ್ತು. ಚೂರು ಅಲುಗಿದರೂ ತಡೆಯಲಾಗದ ನೋವು. ಬಲವಾದ ಮದ್ದು ಕೊಟ್ಟು ಬೂಟು ಬಿಚ್ಚಿ ನೋಡಿದರೆ, ಮೊಳೆ ಎರಡು ಬೆರಳುಗಳ ಸಂದಿಯಲ್ಲಿ ಹಾದುಹೋಗಿತ್ತು. ಒಂದು ಗೀರೂ ಇಲ್ಲ! ಅವನೇನು ನಾಟಕ ಆಡಿರಲಿಲ್ಲ. ಕಣ್ಣು ಮೊಳೆ ಕಂಡಿತ್ತು, ಮೆದುಳು ಅಪಾಯ ಅಂತ ತೀರ್ಮಾನಿಸಿತ್ತು, ನೋವು ಹುಟ್ಟಿತ್ತು. ಇದರ ಉಲ್ಟಾ ಕೂಡ ಇದೆ. ಎರಡನೇ ಮಹಾಯುದ್ಧದಲ್ಲಿ ಹೆನ್ರಿ ಬೀಚರ್ ಎಂಬ ಅಮೆರಿಕದ ವೈದ್ಯರು, ದೊಡ್ಡ ಗಾಯಗಳಾಗಿದ್ದ ಸೈನಿಕರಲ್ಲೇ ಎಷ್ಟೋ ಜನ ನೋವಿನ ಮದ್ದು ಬೇಡ ಅಂದದ್ದನ್ನು ನೋಡಿ ಬರೆದಿಟ್ಟರು. ಜೀವ ಉಳಿಯಿತು, ಇನ್ನು ಯುದ್ಧಕ್ಕೆ ಹೋಗುವ ಹಾಗಿಲ್ಲ ಅನ್ನುವ ಸಮಾಧಾನ ಅವರಿಗಿತ್ತು ಅಂತ ಅವರ ಊಹೆ.

ಅಂದರೆ ನೋವು ಗಾಯದ ಅಳತೆಗೋಲು ಅಲ್ಲ, ಮೈ ಬಾರಿಸುವ ಗಂಟೆ. ಅಪಾಯ ಇದ್ದಾಗ ಬಾರಿಸಬೇಕು, ಮುಗಿದಾಗ ನಿಲ್ಲಿಸಬೇಕು. ಕೆಲವರಲ್ಲಿ ನಿಲ್ಲುವುದಿಲ್ಲ.

ನಮ್ಮ ಬಿಲ್ಡಿಂಗ್ ಕೆಳಗೆ ಒಂದು ಹಳೇ ಕಾರು ನಿಂತಿರುತ್ತದೆ. ಗಣಪತಿ ವಿಸರ್ಜನೆಯ ದಿನ ಢೋಲ್ ತಾಶಾ ಮುಂದೆ ಹಾದುಹೋದರೆ ಅದರ ಅಲಾರಂ ಕಿರುಚುತ್ತದೆ. ಹೋಗಲಿ ಬಿಡಿ, ಬೆಕ್ಕು ಬಾನೆಟ್ ಮೇಲೆ ಕೂತರೂ ಕಿರುಚುತ್ತದೆ. ಕಳ್ಳ ಬಂದಿಲ್ಲ, ಆದರೆ ಸದ್ದು ನಿಜವಾದದ್ದೇ, ನಮ್ಮ ನಿದ್ದೆ ಹಾಳಾಗುವುದೂ ನಿಜವೇ. ದೊಡ್ಡಮ್ಮನ ಮೈಯಲ್ಲಿ ಆಗಿದ್ದು ಇದೇ. ವೈರಸ್ ನರವನ್ನು ಕೆಡಿಸಿ ಹೋಯಿತು. ಕೆಟ್ಟ ನರ ಕಾರಣವಿಲ್ಲದೆ ಸುದ್ದಿ ಕಳಿಸುತ್ತಲೇ ಇದೆ. ದಿನಗಟ್ಟಲೆ ಸುದ್ದಿ ಬಂದು ಬಂದು ಬೆನ್ನುಹುರಿಯೂ ಮೆದುಳೂ ಅತಿ ಚುರುಕಾಗಿ ಕೂತಿವೆ. ಬಟ್ಟೆ ತಾಗಿದ್ದನ್ನೂ ಬೆಂಕಿ ಅಂತ ಓದುತ್ತವೆ. ಬೆನ್ನುಹುರಿಯೇ ಹೀಗೆ ಬದಲಾಗಬಹುದು ಅಂತ 1983ರಲ್ಲಿ ಕ್ಲಿಫರ್ಡ್ ವೂಲ್ಫ್ ಎಂಬ ವಿಜ್ಞಾನಿ ಪ್ರಯೋಗ ಮಾಡಿ ತೋರಿಸಿದರು. ಇದನ್ನು ಸೆಂಟ್ರಲ್ ಸೆನ್ಸಿಟೈಸೇಷನ್ ಅನ್ನುತ್ತಾರೆ.

ಮೂರು ತಿಂಗಳಿಗಿಂತ ಜಾಸ್ತಿ ಉಳಿದ ಅಥವಾ ಮರುಕಳಿಸುತ್ತಲೇ ಇರುವ ನೋವಿಗೆ ವೈದ್ಯರು ಕ್ರಾನಿಕ್ ಪೇನ್ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ ಹೊಸ ಆವೃತ್ತಿ 2022ರಲ್ಲಿ ಜಾರಿಗೆ ಬಂತು. ಅದರಲ್ಲಿ ಇಂಥ ನೋವಿಗೆ ಅದರದ್ದೇ ಜಾಗ ಸಿಕ್ಕಿದೆ. ಬೇರೆ ಕಾಯಿಲೆಯ ಬಾಲವಾಗಿ ಅಲ್ಲ, ತಾನೇ ಒಂದು ಕಾಯಿಲೆಯಾಗಿ. ಮನೆಯಲ್ಲಿ "ಎಲ್ಲಾ ರಿಪೋರ್ಟ್ ನಾರ್ಮಲ್, ಇನ್ನೇನು ನಿನ್ನದು" ಅಂತ ಕೇಳಿಸಿಕೊಂಡವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು.

ರಿಪೋರ್ಟ್ ನಾರ್ಮಲ್ ಇಲ್ಲದಿದ್ದರೆ ಇನ್ನೊಂದು ಪಾಡು. ಸೊಂಟ ನೋವಿಗೆ ಎಂಆರ್‌ಐ ಮಾಡಿಸಿ, "ಡಿಸ್ಕ್ ಸವೆದಿದೆ" ಅನ್ನುವ ಸಾಲು ಓದಿ, ಅಂದಿನಿಂದ ಬಗ್ಗುವುದನ್ನೇ ಬಿಟ್ಟವರು ನನ್ನ ಗಿರಾಕಿಗಳಲ್ಲಿ ಎಷ್ಟೋ ಜನ. 2015ರಲ್ಲಿ ಒಂದು ಅಧ್ಯಯನ, ಬೆನ್ನು ನೋವೇ ಇಲ್ಲದ 3110 ಜನರ ಸ್ಕ್ಯಾನ್‌ಗಳ ಲೆಕ್ಕ ಹಾಕಿತು. ಇಪ್ಪತ್ತರ ವಯಸ್ಸಿನವರಲ್ಲೇ ನೂರಕ್ಕೆ 37 ಜನರ ಡಿಸ್ಕ್ ಸವೆದಿತ್ತು. ಎಂಬತ್ತರವರಲ್ಲಿ 96. ತಲೆ ನರೆತ ಹಾಗೆ ಡಿಸ್ಕ್ ಕೂಡ ಸವೆಯುತ್ತದೆ. ಚಿತ್ರದಲ್ಲಿ ಕಂಡಿದ್ದೇ ನೋವಿನ ಕಾರಣ ಅಂತ ಹೇಳಲಾಗದು. ಆದರೆ ಕಾಲಿನ ಬಲ ಹೋಗುತ್ತಿದ್ದರೆ, ಮೂತ್ರ ಹಿಡಿತ ತಪ್ಪಿದರೆ, ಜ್ವರವೋ ತೂಕ ಇಳಿಯುವುದೋ ಜೊತೆಗಿದ್ದರೆ ಇದೇನನ್ನೂ ನೆಚ್ಚಿಕೊಂಡು ಕೂರಬೇಡಿ, ಆವತ್ತೇ ಡಾಕ್ಟರ್ ಹತ್ತಿರ ಹೋಗಿ.

ಮುಂಬೈಯಲ್ಲಿ ಬದುಕುವ ನಮಗೆ ಇನ್ನೊಂದು ತೊಡಕಿದೆ. ಅದು ಭಾಷೆಯದ್ದು. ನಮ್ಮಲ್ಲಿ ನೋವಿಗೆ ಎಷ್ಟು ಮಾತಿವೆ ನೋಡಿ: ಉರಿ, ಸೆಳೆತ, ಚಳುಕು, ಸಿಡಿತ, ಜೋಮು, ಹಿಡ್ಕೊಂಡಿದೆ, ಚುಚ್ಚುತ್ತೆ, ಇರುವೆ ಹರಿದಂಗೆ ಆಗುತ್ತೆ. ದವಾಖಾನೆಯ ಬಾಗಿಲು ದಾಟಿದ ಕೂಡಲೇ ಇವೆಲ್ಲ ಹೋಗಿ "ಬಹುತ್ ದರ್ದ್ ಹೈ" ಒಂದೇ ಉಳಿಯುತ್ತದೆ. ಡಾಕ್ಟರಿಗೆ ಬೇಕಾಗಿರುವುದು ಎಷ್ಟು ನೋವು ಅನ್ನುವುದಷ್ಟೇ ಅಲ್ಲ, ಎಂಥ ನೋವು ಅನ್ನುವುದು. ರೊನಾಲ್ಡ್ ಮೆಲ್ಜಾಕ್ ಅನ್ನುವ ಮನಶ್ಶಾಸ್ತ್ರಜ್ಞರು 1975ರಲ್ಲಿ ನೋವಿನ ಮಾತುಗಳನ್ನೇ ಗುಂಪು ಮಾಡಿ ಒಂದು ಪ್ರಶ್ನಾವಳಿ ಮಾಡಿದ್ದು ಇದಕ್ಕೇ. ಉರಿ, ಜೋಮು, ಶಾಕ್ ಹೊಡೆದಂಗೆ ಅಂದರೆ ನರದ ನೋವಿನ ಕಡೆ ಬೆರಳು. ಬೆಳಗ್ಗೆ ಎದ್ದಾಗ ಗಂಟು ಬಿಗಿದು ಒಂದು ತಾಸಾದರೂ ಸಡಿಲವಾಗದಿದ್ದರೆ ಉರಿಯೂತದ ಕಡೆ. ಮಾತು ಬದಲಾದರೆ ಮಾತ್ರೆಯೂ ಬದಲಾಗುತ್ತದೆ. ನಾನು ಕೌಂಟರ್‌ನಲ್ಲೇ ಕೆಲವರಿಗೆ ಮರಾಠಿ ಹೇಳಿಕೊಟ್ಟು ಕಳಿಸುತ್ತೇನೆ. ಜೋಮಿಗೆ "ಮುಂಗ್ಯಾ ಯೇತಾತ್" ಅನ್ನಿ, ಅಲ್ಲೂ ಇರುವೆಗಳೇ. ಚಳುಕಿಗೆ "ಚಮಕ್". ಉರಿಗೆ "ಆಗ್ ಹೋತೇ". ದೊಡ್ಡಮ್ಮ ಐದು ತಿಂಗಳು ಎರಡು ಕಡೆ "ದುಖ್ತೇ, ದುಖ್ತೇ" ಅಂತ ಮಾತ್ರ ಹೇಳಿ ಪೇನ್‌ಕಿಲ್ಲರ್ ಬರೆಸಿಕೊಂಡು ಬಂದಿದ್ದರು.

ಈಗ ಆ ಪೇನ್‌ಕಿಲ್ಲರ್ ವಿಷಯಕ್ಕೆ ಬರೋಣ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್ ಎಲ್ಲ ಒಂದೇ ಮನೆತನ. ಪೆಟ್ಟಾದ ಜಾಗದಲ್ಲಿ ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ ತಯಾರಾಗಿ ಊತ, ನೋವು ತರುತ್ತದೆ. ಈ ಮಾತ್ರೆಗಳು ಆ ತಯಾರಿಯನ್ನೇ ನಿಲ್ಲಿಸುತ್ತವೆ. ಆಸ್ಪಿರಿನ್ ಕೆಲಸ ಮಾಡುವುದು ಹೀಗೆ ಅಂತ 1971ರಲ್ಲಿ ತೋರಿಸಿದ ಜಾನ್ ವೇನ್ ಅವರಿಗೆ 1982ರ ನೊಬೆಲ್ ಬಂತು. ತೊಂದರೆ ಏನೆಂದರೆ, ಅದೇ ಪ್ರೊಸ್ಟಾಗ್ಲಾಂಡಿನ್ ಹೊಟ್ಟೆಯ ಒಳಪದರವನ್ನೂ ಕಾಯುತ್ತದೆ, ಕಿಡ್ನಿಗೆ ರಕ್ತ ಸರಿಯಾಗಿ ಹೋಗುವಂತೆಯೂ ನೋಡಿಕೊಳ್ಳುತ್ತದೆ. ಅಲ್ಲೂ ನಿಂತುಹೋಗುತ್ತದೆ. ಜೊತೆಗೊಂದು ಗ್ಯಾಸ್ ಮಾತ್ರೆ ನುಂಗಿದರೆ ಏನೂ ಆಗಲ್ಲ ಅನ್ನುವುದು ಎಲ್ಲರ ನಂಬಿಕೆ. ಗ್ಯಾಸ್ ಮಾತ್ರೆ ಹೊಟ್ಟೆಯನ್ನು ಕಾಯುತ್ತದೆ. ಕಿಡ್ನಿಯನ್ನು ಕಾಯುವುದಿಲ್ಲ.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದು ಒಂದು ಸಲ, ಕಲಿತದ್ದು ಇನ್ನೊಂದು ಸಲ. ಹೋಟೆಲ್ ನಡೆಸುವ ಶೆಟ್ರೊಬ್ಬರು ನನ್ನ ಹಳೇ ಗಿರಾಕಿ. ಹುಡುಗನಾಗಿ ಬಂದು ಟೇಬಲ್ ಒರೆಸಿ, ದೋಸೆ ಕಾವಲಿ ಮುಂದೆ ನಿಂತು ಮೇಲೆ ಬಂದವರು. ಮಂಡಿ ಸವೆದಿತ್ತು. ದಿನಕ್ಕೆರಡು ಡೈಕ್ಲೊಫೆನಾಕ್, ಚೀಟಿ ಇಲ್ಲದೆ, ನಾನೇ ಕೊಡುತ್ತಿದ್ದೆ. "ಶೆಟ್ರಿಗೆ ಇಲ್ಲ ಅನ್ನೋದು ಹೇಗೆ" ಅನ್ನುವ ದಾಕ್ಷಿಣ್ಯ. ಬಿಪಿಗೆ ಟೆಲ್ಮಿಸಾರ್ಟಾನ್, ಅದರಲ್ಲೇ ಮೂತ್ರ ಇಳಿಸುವ ಮದ್ದೂ ಸೇರಿದ ಮಾತ್ರೆ, ಅದೂ ನನ್ನ ಅಂಗಡಿಯದ್ದೇ. ಈ ಮೂರೂ ಸೇರಿದರೆ ಕಿಡ್ನಿಗೆ ಮೂರು ಕಡೆಯಿಂದ ಹೊಡೆತ. ಒಂದು ದಿನ ಶೆಟ್ರು ಕಾಲು ಊದಿಸಿಕೊಂಡು ಬಂದರು. ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತದ ಕ್ರಿಯಾಟಿನಿನ್ ಏರಿತ್ತು. ಬೇಗ ಗೊತ್ತಾದದ್ದರಿಂದ ಮಾತ್ರೆ ನಿಲ್ಲಿಸಿದ ಮೇಲೆ ಇಳಿಯಿತು. ಅವರು ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಡೈಕ್ಲೊಫೆನಾಕ್ ಕಿಡ್ನಿಗೆ ಏನು ಮಾಡಬಲ್ಲದು ಅಂತ ನೋಡಲು ಮುಂಬೈಯಲ್ಲಿ ತಲೆ ಎತ್ತಿ ನೋಡಿದರೂ ಸಾಕು. ಆಕಾಶದಲ್ಲಿ ರಣಹದ್ದು ಇಲ್ಲ. ದನಗಳಿಗೆ ಈ ಮದ್ದು ಕೊಡುತ್ತಿದ್ದರು. ಸತ್ತ ದನ ತಿಂದ ಹದ್ದುಗಳ ಕಿಡ್ನಿ ಕೆಟ್ಟು ಲಕ್ಷಗಟ್ಟಲೆ ಸತ್ತವು. ಕಾರಣ ಇದೇ ಅಂತ 2004ರಲ್ಲಿ ಗೊತ್ತಾಯಿತು. 2006ರಲ್ಲಿ ದನಗಳಿಗೆ ಕೊಡುವುದನ್ನು ಸರ್ಕಾರ ನಿಷೇಧಿಸಿತು. ಮಲಬಾರ್ ಹಿಲ್‌ನ ಡುಂಗರ್‌ವಾಡಿಯಲ್ಲಿ ತಮ್ಮವರ ಹೆಣಗಳನ್ನು ಹದ್ದುಗಳಿಗೆ ಬಿಡುವ ಪಾರ್ಸಿಗಳು ಹದ್ದಿಲ್ಲದೆ ಬಿಸಿಲು ಕೇಂದ್ರೀಕರಿಸುವ ಕನ್ನಡಿಗಳನ್ನು ಇಡಬೇಕಾಯಿತು. ಮನುಷ್ಯರ ಮೈ ಹದ್ದಿನಷ್ಟು ನಾಜೂಕಲ್ಲ, ನಿಜ. ಡಾಕ್ಟರ್ ಹೇಳಿದಷ್ಟು ದಿನ ತೆಗೆದುಕೊಂಡರೆ ಒಳ್ಳೆಯ ಮದ್ದೇ. ಆದರೆ ವರ್ಷಗಟ್ಟಲೆ ಚುರುಮುರಿಯ ಹಾಗೆ ತಿನ್ನುವಂಥದ್ದಲ್ಲ. ಶೆಟ್ರು ಈಗ ಅದೇ ಮದ್ದಿನ ಜೆಲ್ ಹಚ್ಚುತ್ತಾರೆ. ಹಚ್ಚಿದರೆ ರಕ್ತಕ್ಕೆ ಹೋಗುವುದು ಮಾತ್ರೆಯಿಂದ ಹೋಗುವುದರ ನೂರಕ್ಕೆ 6 ಪಾಲಿನಷ್ಟು ಮಾತ್ರ.

ಪ್ಯಾರಾಸಿಟಮಾಲ್ ಸೌಮ್ಯ, ಆದರೆ ಅದಕ್ಕೂ ಮಿತಿ ಇದೆ. ದೊಡ್ಡವರಿಗೆ ದಿನಕ್ಕೆ 4000 ಮಿಲಿಗ್ರಾಂ. ತೂಕ ಕಡಿಮೆ ಇದ್ದರೆ, ಕುಡಿಯುವ ಅಭ್ಯಾಸ ಇದ್ದರೆ ಇನ್ನೂ ಕಡಿಮೆ. ಜನ ಮಿತಿ ದಾಟುವುದು ಗೊತ್ತಿಲ್ಲದೆ. ಡೋಲೋ 650 ಮೂರು ಹೊತ್ತು, 1950. ಗಂಟು ನೋವಿಗೆ ಝೀರೋಡಾಲ್‌ ಪಿ ಎರಡು, ಅದರಲ್ಲೂ 325ರಂತೆ ಪ್ಯಾರಾಸಿಟಮಾಲ್ ಇದೆ, 650. ನೆಗಡಿಯ ಮಾತ್ರೆಯಲ್ಲಿ 500ರಂತೆ ಇದ್ದು ಮೂರು ಹೊತ್ತು ನುಂಗಿದರೆ 1500. ಒಟ್ಟು 4100. ಪೆಟ್ಟು ಬೀಳುವುದು ಲಿವರ್‌ಗೆ. ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರ ಓದಲು ಬರುವ ಮೊಮ್ಮಗನಿದ್ದರೆ ಓದಿಸಿ.

ತಲೆನೋವಿನವರಿಗೂ ಒಂದು ಮಾತು. ತಿಂಗಳಿಗೆ 15 ದಿನ ಅಥವಾ ಜಾಸ್ತಿ ಸಾದಾ ನೋವಿನ ಮಾತ್ರೆ, ಕಾಫಿ ಅಂಶ ಸೇರಿದಂಥ ಮಿಶ್ರ ಮಾತ್ರೆಯಾದರೆ 10 ದಿನ, ಹೀಗೆ ಮೂರು ತಿಂಗಳ ಮೇಲೆ ನಡೆದರೆ ಆ ಮಾತ್ರೆಯೇ ತಲೆನೋವು ತರಲು ಶುರುಮಾಡಬಹುದು. ಲೋಕಲ್‌ಗೆ ಹತ್ತುವ ಮುಂಚೆ ದಿನಾ ಒಂದು ನುಂಗುವವರು ಲೆಕ್ಕ ಹಾಕಿ ನೋಡಿ.

ಹಾಗಾದರೆ ದೊಡ್ಡಮ್ಮನ ಮಗ ವಾಪಸ್ ತಂದ ಸ್ಟ್ರಿಪ್? ಅದು ಅಮಿಟ್ರಿಪ್ಟಿಲಿನ್, 10 ಮಿಲಿಗ್ರಾಂ, ರಾತ್ರಿ ಒಂದು. ಹೌದು, ಖಿನ್ನತೆಗೂ ಅದನ್ನೇ ಕೊಡುತ್ತಿದ್ದರು, ಆದರೆ 75, 150ರ ಲೆಕ್ಕದಲ್ಲಿ. ನೋವಿಗೆ ಬೇಕಾಗುವುದು ಅದರ ಸಣ್ಣ ಪಾಲು. ಮೆದುಳಿನಿಂದ ಬೆನ್ನುಹುರಿಗೆ ಇಳಿಯುವ ಕೆಲವು ನರಗಳು ನೋವಿನ ಸುದ್ದಿಗೆ ಬ್ರೇಕ್ ಹಾಕುತ್ತವೆ. ಈ ಮಾತ್ರೆ ಆ ಬ್ರೇಕನ್ನು ಬಿಗಿ ಮಾಡುತ್ತದೆ. ಪ್ರಿಗಾಬಾಲಿನ್, ಗಾಬಾಪೆಂಟಿನ್ ಕೂಡ ಬೇರೆ ಕಾಯಿಲೆಯ ಹೆಸರಿನ ಮಾತ್ರೆಗಳೇ. ಫಿಟ್ಸ್‌ಗೆ ಕೊಡುವ ಮದ್ದು, ನರದ ನೋವಿಗೂ ಬಳಕೆ. ದೊಡ್ಡಮ್ಮನ ಉರಿಯಲ್ಲಿ ಊತ ಇಲ್ಲ, ಹಾಗಾಗಿ ಡೈಕ್ಲೊಫೆನಾಕ್‌ಗೆ ಅಲ್ಲಿ ಕೆಲಸವೇ ಇಲ್ಲ. ನೀರಿನ ನಲ್ಲಿ ಕೆಟ್ಟರೆ ಎಲೆಕ್ಟ್ರಿಷಿಯನ್‌ನನ್ನು ಕರೆದ ಹಾಗೆ.

ಈ ಮಾತ್ರೆಗಳು ತಪ್ಪೇ ಮಾಡುವುದಿಲ್ಲ ಅಂತಲ್ಲ. ಬಾಯಿ ಒಣಗುತ್ತದೆ, ತೂಕಡಿಕೆ ಬರುತ್ತದೆ, ವಯಸ್ಸಾದವರು ರಾತ್ರಿ ಎದ್ದು ಬೀಳಬಹುದು, ಮೂತ್ರ ಕಟ್ಟಬಹುದು. ಎಲ್ಲರಿಗೂ ಕೆಲಸವೂ ಮಾಡುವುದಿಲ್ಲ. ಮಾಡಿದರೂ ಗುಣ ಕಾಣಲು ವಾರಗಳು ಬೇಕು. ಮೂರನೇ ದಿನಕ್ಕೆ "ಏನೂ ಆಗಲಿಲ್ಲ" ಅಂತ ಬಿಡುವವರೇ ಜಾಸ್ತಿ.

"ಅಭ್ಯಾಸ ಆಗಿಬಿಡುತ್ತೆ" ಅನ್ನುವ ಭಯವನ್ನೂ ಬಿಡಿಸಿ ನೋಡಬೇಕು. ಮೈ ಒಂದು ಮದ್ದಿಗೆ ಒಗ್ಗಿಕೊಳ್ಳುವುದು ಬೇರೆ, ಚಟ ಬೇರೆ. ಕೆಲವು ಬಿಪಿ ಮಾತ್ರೆಗಳನ್ನೂ ಸ್ಟೀರಾಯ್ಡನ್ನೂ ಒಮ್ಮೆಲೇ ನಿಲ್ಲಿಸಬಾರದು, ಮೆಲ್ಲಗೆ ಇಳಿಸಬೇಕು. ಹಾಗಂತ ಅದನ್ನು ಯಾರೂ ಚಟ ಅನ್ನುವುದಿಲ್ಲ. ಹಾನಿಯಾಗುತ್ತಿದೆ ಅಂತ ಗೊತ್ತಿದ್ದೂ, ಸಂಸಾರ ಕೆಲಸ ಬಿಟ್ಟು ಅದರ ಹಿಂದೆ ಹೋಗುವುದು ಚಟ. ಆ ಅಪಾಯ ನಿಜವಾಗಿ ಇರುವುದು ಅಫೀಮಿನ ಸಂತತಿಯಲ್ಲಿ. ಆ ಸಂತತಿಯ ಟ್ರಮಡಾಲ್ ಅದಕ್ಕೇ 2018ರಲ್ಲಿ ಮಾದಕವಸ್ತು ಕಾನೂನಿನಡಿ ಬಂತು. ದೀರ್ಘಕಾಲದ ಬೆನ್ನು, ಮಂಡಿ ನೋವಿಗೆ ಆ ಮದ್ದು ಅಷ್ಟು ಉಪಯೋಗವೂ ಇಲ್ಲ. ಅಮೆರಿಕದಲ್ಲಿ 240 ಜನರನ್ನು ಒಂದು ವರ್ಷ ನೋಡಿದ ಅಧ್ಯಯನ 2018ರಲ್ಲಿ ಬಂತು. ಅಫೀಮಿನ ಜಾತಿಯ ಮದ್ದು ತಿಂದವರು ಉಳಿದವರಿಗಿಂತ ಚೆನ್ನಾಗಿ ಓಡಾಡಲಿಲ್ಲ.

ಕ್ಯಾನ್ಸರ್ ನೋವಿನ ಕಥೆ ಪೂರ್ತಿ ಬೇರೆ. ಅಲ್ಲಿ ಮಾರ್ಫಿನ್ ಬೇಕೇ ಬೇಕು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಲೈಸೆನ್ಸ್ ಪಡೆದು ಗಸಗಸೆ ಗಿಡ ಬೆಳೆಯುತ್ತಾರೆ, ಆ ಅಫೀಮಿನಿಂದಲೇ ಮಾರ್ಫಿನ್ ಬರುವುದು. ಆದರೂ 1985ರ ಅದೇ ಮಾದಕವಸ್ತು ಕಾನೂನಿನ ಬಿಗಿಗೆ ಹೆದರಿ ಆಸ್ಪತ್ರೆಗಳೇ ಇಡುವುದನ್ನು ಬಿಟ್ಟಿದ್ದವು. 2014ರಲ್ಲಿ ಸಂಸತ್ತು ತಿದ್ದುಪಡಿ ಮಾಡಿ ದಾರಿ ಸಲೀಸು ಮಾಡಿತು. ನಮ್ಮ ಬಾಂದ್ರಾದಲ್ಲೇ 1986ರಲ್ಲಿ ಶಾಂತಿ ಆವೇದನ ಸದನ ಶುರುವಾಯಿತು, ದೇಶದ ಮೊದಲ ಹಾಸ್ಪೈಸ್, ಅಂದರೆ ಗುಣವಾಗದ ರೋಗಿಗಳ ಆರೈಕೆಯ ಮನೆ. "ಮಾರ್ಫಿನ್ ಅಂದರೆ ಕೊನೆ ಬಂತು ಅಂತ ಅರ್ಥ" ಅಂತ ಮನೆಯವರು ಬೇಡ ಅನ್ನುವುದನ್ನು ಈಗಲೂ ಕೇಳುತ್ತೇನೆ. ನರಳುವವರು ಯಾರು, ಬೇಡ ಅನ್ನುವವರು ಯಾರು, ಅಲ್ವಾ?

ಮಾತ್ರೆ ಬಿಟ್ಟು ಬೇರೇನಿದೆ? ಮೊಣಕೈ ತಾಗಿದ ಕೂಡಲೇ ನಾವು ಅಲ್ಲಿ ಉಜ್ಜುತ್ತೇವೆ. ಉಜ್ಜಿದ ಸ್ಪರ್ಶದ ಸುದ್ದಿ ಬೆನ್ನುಹುರಿಯ ಬಾಗಿಲಲ್ಲಿ ನೋವಿನ ಸುದ್ದಿಗೆ ಅಡ್ಡ ನಿಲ್ಲುತ್ತದೆ ಅಂತ 1965ರಲ್ಲಿ ಅದೇ ಮೆಲ್ಜಾಕ್, ಪ್ಯಾಟ್ರಿಕ್ ವಾಲ್ ಜೊತೆ ಸೇರಿ ಬರೆದರು. ಬಿಸಿ ಶಾಖ, ಬಾಮು ಕೊಡುವ ಸಮಾಧಾನಕ್ಕೂ ಇದೇ ನಂಟು. ಮೆಣಸಿನಕಾಯಿಯ ಖಾರ ಯಾವ ಬಾಗಿಲು ತಟ್ಟುತ್ತದೆ ಅಂತ ಹುಡುಕಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು. ಆ ಖಾರದ ಮುಲಾಮು ಸರ್ಪಸುತ್ತಿನ ನೋವಿಗೂ ಇದೆ. ಮನೆಯ ಮೆಣಸಿನಪುಡಿ ಹಚ್ಚಲು ಹೋಗಬೇಡಿ, ಕೇಳಿದವರಿದ್ದಾರೆ.

ಎಲ್ಲಕ್ಕಿಂತ ಕಷ್ಟದ ಮದ್ದು ಚಲನೆ. ನೋವು ಕಡಿಮೆ ಇದ್ದ ದಿನ ಹಬ್ಬದ ಕೆಲಸವೆಲ್ಲ ಬಾಚಿ ಮಾಡುವುದು, ಮಾರನೇ ದಿನದಿಂದ ವಾರ ಮಲಗುವುದು, ಇದು ನಮ್ಮ ಹೆಂಗಸರ ಪದ್ಧತಿ. ಅಲಾರಂ ಇನ್ನಷ್ಟು ಚುರುಕಾಗುವುದು ಇದರಿಂದಲೇ. ಒಳ್ಳೆಯ ದಿನವೂ ಅಷ್ಟೇ, ಕೆಟ್ಟ ದಿನವೂ ಅಷ್ಟೇ ಅಂತ ಸ್ವಲ್ಪ ಸ್ವಲ್ಪ ಏರಿಸಬೇಕು. ಶೆಟ್ರ ಫಿಸಿಯೋಥೆರಪಿಸ್ಟ್ ಅವರಿಗೆ ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಅಂತ ಕೇಳುವುದನ್ನೇ ಬಿಟ್ಟಿದ್ದಾರೆ. ದಾದರ್ ಬ್ರಿಜ್‌ನ ಮೆಟ್ಟಿಲು ನಿಲ್ಲದೆ ಎಷ್ಟು ಹತ್ತಿದಿರಿ ಅಂತ ಕೇಳುತ್ತಾರೆ. ಮೊದಲು ಒಂಬತ್ತು, ಈಗ ಪೂರ್ತಿ. ನೋವು ಇದೆಯಾ ಅಂದರೆ ಇದೆ.

ದೊಡ್ಡಮ್ಮನ ಮಗನನ್ನು ಆ ಬೆಳಗ್ಗೆ ಅರ್ಧ ಗಂಟೆ ನಿಲ್ಲಿಸಿಕೊಂಡು ಇದನ್ನೇ ಹೇಳಿದೆ. ಸ್ಟ್ರಿಪ್ ವಾಪಸ್ ತೆಗೆದುಕೊಳ್ಳಲಿಲ್ಲ. ಪೇನ್‌ಕಿಲ್ಲರ್ ಕೊಡಲೂ ಇಲ್ಲ. ಮುಖ ಊದಿಸಿಕೊಂಡು ಹೋದ.

ದೀಪಾವಳಿ ಕಳೆದ ಮೇಲೆ ದೊಡ್ಡಮ್ಮ ತಾವೇ ಬಂದರು. ಮಾಟುಂಗದಲ್ಲಿ ಅಣ್ಣನ ಮೊಮ್ಮಗಳ ಮದುವೆ ಮುಗಿಸಿದ್ದರಂತೆ. "ರೇಷ್ಮೆ ಸೀರೆ ಉಟ್ಟಿದ್ದೆ ಮಾರಾಯ, ಜರಿ ಅಂಚಿಂದು. ಧಾರೆ ಮುಗಿಯೋವರೆಗೆ ತಡಕೊಂಡೆ. ಊಟಕ್ಕೆ ಮುಂಚೆ ಬದಲಾಯಿಸಿ ಹಳೇದು ಸುತ್ತಿಕೊಂಡೆ."

"ಎಷ್ಟು ಹೊತ್ತು ಆಯ್ತು?"

"ಎರಡು ಗಂಟೆ ಅಂತ ಇಟ್ಕೋ. ಇರಲಿ, ಅದೇ ಮಾತ್ರೆ ಇನ್ನೊಂದು ಸ್ಟ್ರಿಪ್ ಕೊಡು."

ಚೀಟಿ ತೋರಿಸಿ ಅಂದೆ. ಪರ್ಸಿನಿಂದ ಮಡಚಿ ಮಡಚಿ ಹರಿದ ಕಾಗದ ತೆಗೆದರು. ತಾರೀಖು ಯಾವಾಗಲೋ ಮುಗಿದಿತ್ತು. ಡಾಕ್ಟರ್ ಹತ್ತಿರ ಒಮ್ಮೆ ಹೋಗಿ ಬನ್ನಿ ದೊಡ್ಡಮ್ಮ, ಡೋಸ್ ಇದೇ ಇರಲೋ ಬದಲಾಯಿಸಬೇಕೋ ಅಂತ ಅವರು ನೋಡಲಿ ಅಂದೆ.

"ಶೆಟ್ರಿಗೆ ಚೀಟಿ ಇಲ್ಲದೆ ವರ್ಷಗಟ್ಟಲೆ ಕೊಟ್ಟೆ, ನನಗೆ ಮಾತ್ರ ಕಾನೂನು" ಅಂತ ಬೈದುಕೊಂಡೇ ಮೆಟ್ಟಿಲು ಇಳಿದು ಹೋದರು. ಸೆರಗು ಎಳೆದು ಬಲಭುಜದ ಮೇಲೆ ಹೊದ್ದುಕೊಂಡಿದ್ದರು.